ನೂರು ಸಲ ಓಡಿದ ಮಂಗಳವಾರ

ಅಪ್ಪ ಅಮ್ಮ ಇಟ್ಟ ಹೆಸರು ಅವರ ಗುರುತಿನ ಚೀಟಿಯೊಳಗೆ ಬೆಚ್ಚಗೆ ಮಲಗಿತ್ತು. ಬಸ್ ಡಿಪೋದಲ್ಲಿ, ಬೀದಿಯಲ್ಲಿ, ಕಡೆಗೆ ಮಾವನ ಮನೆಯಲ್ಲೂ ಅವರು ಸೆಕೆಂಡಪ್ಪ. ಎದುರಿಗಿದ್ದಾಗ ‘ಸಾರ್’ ಅನ್ನುತ್ತಿದ್ದರು, ಬೆನ್ನು ತಿರುಗಿಸಿದರೆ ಸೆಕೆಂಡಪ್ಪ. ಅದು ಅವರಿಗೂ ಗೊತ್ತಿತ್ತು. ಬೆನ್ನು ತಿರುಗಿಸಿದ ಎಷ್ಟು ಹೊತ್ತಿಗೆ ಆ ಹೆಸರು ಕಿವಿಗೆ ಬೀಳುತ್ತದೆ ಎಂದು ಒಮ್ಮೆ ಅಳೆದೂ ಇದ್ದರು: ಆರು ಸೆಕೆಂಡು.

ಈ ಚಟ ಹತ್ತಿದ್ದು ಶಾಲೆಯಲ್ಲಿ. ಓಟದ ಪಂದ್ಯದಲ್ಲಿ ಅವರು ಎಷ್ಟು ಹಿಂದೆ ಉಳಿಯುತ್ತಿದ್ದರೆಂದರೆ, ಒಂದು ಸಲ ಮುಂದಿನ ಪಂದ್ಯದ ಹುಡುಗರು ಬಂದು ಅವರನ್ನು ದಾಟಿ ಹೋಗಿದ್ದರು. ಆಟದ ಮೇಷ್ಟ್ರು ಹಣೆ ಚಚ್ಚಿಕೊಂಡು, “ಪುಣ್ಯಾತ್ಮ, ನೀನು ಓಡ್ಬೇಡ. ಇಲ್ಲಿ ನಿಂತ್ಕೊಂಡು ಓಡೋವ್ರ ಟೈಮ್ ನೋಡು” ಎಂದು ಕೈಗೆ ಸ್ಟಾಪ್‌ವಾಚ್ ಕೊಟ್ಟರು. ಹಾಗೆ ಜಗತ್ತಿನ ಓಟವನ್ನು ಗೆರೆಯಾಚೆ ನಿಂತು ನೋಡುವ ಕೆಲಸ ಗಂಟುಬಿತ್ತು.

ಮದುವೆಯಾದ ಮೇಲೆ ಚಟ ಸಂಸಾರದೊಳಕ್ಕೂ ಕಾಲಿಟ್ಟಿತು. ಚಹಾ ಆಗಲು ನಾಲ್ಕು ನಿಮಿಷ ಹತ್ತು ಸೆಕೆಂಡು. “ಹೊರಡೋಣವಾ” ಎಂದಾಗ ಹೆಂಡತಿ “ಬಂದೆ” ಎನ್ನುವುದಕ್ಕೂ ನಿಜವಾಗಿ ಬರುವುದಕ್ಕೂ ನಡುವೆ, ಇನ್ನೂರು ಸಲದ ಸರಾಸರಿ, ಹನ್ನೊಂದು ನಿಮಿಷ. ಈ ಸರಾಸರಿಯನ್ನು ಹೇಳಲು ಅವರು ಆರಿಸಿಕೊಂಡ ದಿನ ಮದುವೆಯ ವಾರ್ಷಿಕೋತ್ಸವ. ಆಮೇಲೆ ಆಕೆ ಮಾತು ಬಿಟ್ಟದ್ದು ಎರಡು ದಿನ ನಾಲ್ಕು ಗಂಟೆ. ಅದನ್ನೂ ಡೈರಿಯಲ್ಲಿ ಬರೆದಿಟ್ಟುಕೊಂಡ ಗಂಡಸಿಗೆ ಬೇರೆ ಹೆಸರು ಒಪ್ಪುವುದಾದರೂ ಹೇಗೆ?

ಡಿಪೋದ ಕಂಪ್ಯೂಟರ್ ವಿಭಾಗದಲ್ಲಿ ನಾಲ್ಕು ಜನ. ಹಿರಿಯರು ಸೆಕೆಂಡಪ್ಪ. ಅಲ್ಲಿನ ಮುಖ್ಯ ಕೆಲಸ ಒಂದೇ: ಬೆಳಿಗ್ಗೆ ಐದು ಗಂಟೆಗೆ ಯಾರು ರಜೆ, ಯಾವ ಬಸ್ ಕೆಟ್ಟಿದೆ ಎಂಬ ಪಟ್ಟಿ ಬರುತ್ತದೆ. ಅದನ್ನು ನೋಡಿ ಪ್ರೋಗ್ರಾಂ ಒಂಬೈನೂರು ಡ್ರೈವರ್‌ಗಳನ್ನು ನಾನೂರು ಬಸ್ಸುಗಳಿಗೂ ಅವುಗಳ ಎರಡು ಪಾಳಿಗಳಿಗೂ ಹಂಚಿ ಡ್ಯೂಟಿ ಪಟ್ಟಿ ಕೊಡಬೇಕು. ಕೊಡುತ್ತಿತ್ತು, ಹದಿನಾಲ್ಕು ನಿಮಿಷಕ್ಕೆ. ಅಷ್ಟು ಹೊತ್ತೂ ಬೆಳಗಿನ ಪಾಳಿಯವರು ಅಂಗಳದಲ್ಲಿ ನಿಂತು, ಗೋಡೆಯ ಮೇಲಿನ ಪರದೆಯನ್ನು ದಿಟ್ಟಿಸುತ್ತ, ಕಂಪ್ಯೂಟರ್ ವಿಭಾಗದ ನಾಲ್ಕೂ ಜನರ ವಂಶವನ್ನು ನೆನೆಯುತ್ತಿದ್ದರು. ಮೊದಲ ಬಸ್ಸುಗಳು ತಡ, ಅವುಗಳ ಹಿಂದಿನವೂ ತಡ.

ಈ ಪ್ರೋಗ್ರಾಂ ಬರೆದವರು ಸೆಕೆಂಡಪ್ಪನವರೇ, ಹದಿನೆಂಟು ವರ್ಷದ ಹಿಂದೆ. ಅದರಲ್ಲಿ ಪ್ರತಿ ಡ್ರೈವರ್ ಒಂದು ಆಬ್ಜೆಕ್ಟ್, ಪ್ರತಿ ಬಸ್ ಒಂದು ಆಬ್ಜೆಕ್ಟ್, ಪ್ರತಿ ನಿಯಮವೂ ಒಂದು ಆಬ್ಜೆಕ್ಟ್. ಆಬ್ಜೆಕ್ಟ್ ಎಂದರೆ ಒಬ್ಬ ಮರ್ಯಾದಸ್ಥ ಗುಮಾಸ್ತ ಎಂದಿಟ್ಟುಕೊಳ್ಳಿ. ತನ್ನ ಮೇಜಿನ ಕಾಗದ ತಾನು ನೋಡುತ್ತಾನೆ, ಪಕ್ಕದ ಮೇಜಿನದನ್ನು ಮುಟ್ಟುವುದಿಲ್ಲ, ಬೇಕಿದ್ದರೆ ಕೇಳುತ್ತಾನೆ. ‘ಎಂಟು ಗಂಟೆ ವಿಶ್ರಾಂತಿ’ ಎಂಬ ನಿಯಮ ಡ್ರೈವರನ್ನು ಕೇಳುತ್ತದೆ, ಡ್ರೈವರ್ ತನ್ನ ಹಿಂದಿನ ಪಾಳಿಯನ್ನು ಕೇಳುತ್ತಾನೆ, ಪಾಳಿ ಬಸ್ಸನ್ನು ಕೇಳುತ್ತದೆ, ಬಸ್ಸು ಮಾರ್ಗವನ್ನು. ಉತ್ತರ ಅದೇ ದಾರಿಯಲ್ಲಿ ನಮಸ್ಕಾರ ಹೇಳುತ್ತ ವಾಪಸು ಬರುತ್ತದೆ. ಇದು ಒಂದು ಬೆಳಿಗ್ಗೆಗೆ ಕೋಟಿಗಟ್ಟಲೆ ಸಲ. ಬರೆಯಲು ಚೆಂದ, ತಿದ್ದಲು ಸುಲಭ. ಆದರೆ ಹದಿನಾಲ್ಕು ನಿಮಿಷದಲ್ಲಿ ಹನ್ನೆರಡು ಬರೀ ಈ ಉಪಚಾರಕ್ಕೇ ಹೋಗುತ್ತಿತ್ತು.

ಹೀಗಿರುವಾಗ ಹೊರಗಿನ ಕಂಪನಿಯೊಂದು ಬಂದು, ನಮ್ಮ ಪ್ರೋಗ್ರಾಂ ಇದೇ ಕೆಲಸವನ್ನು ಒಂದು ನಿಮಿಷದಲ್ಲಿ ಮಾಡುತ್ತದೆ ಎಂದಿತು. ವಿಭಾಗದ ಮುಖ್ಯಸ್ಥೆ ಮೇಲಿನವರೊಂದಿಗೆ ಜಗಳವಾಡಿ ಗಡುವು ತಂದರು.

“ಮೂರು ತಿಂಗಳು ಸಾರ್,” ಎಂದರು ಸೆಕೆಂಡಪ್ಪನವರ ಮೇಜಿನ ಮುಂದೆ ನಿಂತು. “ನಮ್ಮದು ವೇಗ ಆದ್ರೆ ನಾವು ಇರ್ತೀವಿ. ಆಗ್ಲಿಲ್ಲ ಅಂದ್ರೆ ವಿಭಾಗಕ್ಕೆ ಬೀಗ, ನಾಲ್ಕು ಜನ ನಾಲ್ಕು ದಿಕ್ಕಿಗೆ.”

ನಾಲ್ಕು ದಿಕ್ಕು ಎಂದಾಗ ಸೆಕೆಂಡಪ್ಪ ನೋಡಿದ್ದು ಪಕ್ಕದ ಮೇಜಿನಾಕೆಯನ್ನು. ಆಕೆಯ ತಾಯಿ ಹಾಸಿಗೆ ಹಿಡಿದು ಎರಡು ವರ್ಷ. ಮನೆ ಎರಡು ಬೀದಿ ಆಚೆ. ಮಧ್ಯಾಹ್ನ ಓಡಿಹೋಗಿ ಅಮ್ಮನಿಗೆ ಉಣ್ಣಿಸಿ, ಮಗ್ಗುಲು ತಿರುಗಿಸಿ, ಮೂವತ್ತೆಂಟು ನಿಮಿಷದಲ್ಲಿ ವಾಪಸಾಗುತ್ತಿದ್ದಳು. ಅಳೆದಿದ್ದರು, ಆದರೆ ಈ ಒಂದು ಅಂಕಿಯನ್ನು ಯಾರಿಗೂ ಹೇಳಿರಲಿಲ್ಲ. ದೂರದ ಡಿಪೋಗೆ ಹಾಕಿದರೆ ಮಗ್ಗುಲು ತಿರುಗಿಸುವವರು ಯಾರು?

ಆ ಸಂಜೆಯೇ ಅವರು ಹಳೆಯ ಪ್ರೋಗ್ರಾಂ ತೆರೆದು ಕುಳಿತರು.

ಅವರು ಹಿಡಿದ ದಾರಿ ಹೀಗಿತ್ತು. ನಿಯಮಗಳು ಬದಲಾಗುವುದು ಮೂರು ತಿಂಗಳಿಗೊಮ್ಮೆ. ರಜೆ ಪಟ್ಟಿ ಬದಲಾಗುವುದು ದಿನಾ. ಹಾಗಿದ್ದ ಮೇಲೆ ಅದೇ ನಿಯಮಗಳನ್ನು ದಿನಾ ಬೆಳಿಗ್ಗೆ ಕೋಟಿ ಸಲ ವಿಚಾರಿಸುವುದೇಕೆ? ಕೆಲಸವನ್ನು ಎರಡು ಹಂತ ಮಾಡಿದರೆ ಆಯಿತು. ಮೊದಲ ಹಂತದಲ್ಲಿ ಒಂದು ಪ್ರೋಗ್ರಾಂ ನಿಯಮಗಳನ್ನೆಲ್ಲ ಓದಿ ಅರಗಿಸಿಕೊಂಡು, ಇನ್ನೊಂದು ಪ್ರೋಗ್ರಾಂ ಬರೆದುಕೊಡುತ್ತದೆ. ಆ ಎರಡನೆಯದರಲ್ಲಿ ಗುಮಾಸ್ತರಿಲ್ಲ, ನಮಸ್ಕಾರಗಳಿಲ್ಲ, ನೇರ ಲೆಕ್ಕ. ದಿನಾ ಬೆಳಿಗ್ಗೆ ಓಡುವುದು ಅದು ಮಾತ್ರ. ಪ್ರೋಗ್ರಾಮಿನ ಮೂಲ ಬರಹದಲ್ಲಿ ಪ್ರತಿ ಸಂಗತಿಯ ಮುಂದೆಯೂ ಒಂದು ಗುರುತು ಹಾಕುತ್ತ ಹೋಗಬೇಕು: ಇದು ‘ಈಗಲೇ ಗೊತ್ತು’, ಇದು ‘ಆಮೇಲೆ ಗೊತ್ತಾಗುತ್ತದೆ’. ಈಗಲೇ ಗೊತ್ತಿರುವುದನ್ನು ಮೊದಲ ಹಂತ ನುಂಗಿಬಿಡುತ್ತದೆ. ಉಳಿದದ್ದು ಬೆಳಗಿನ ಪಾಲಿಗೆ.

ಅವರ ಹೆಂಡತಿ ಇದನ್ನು ಕೇಳಿದ ಕೂಡಲೇ, “ಅಷ್ಟೇನಾ?” ಎಂದಿದ್ದರು. ಆಕೆ ಹೊಲಿಗೆಯವರು. ಡಿಪೋ ಎದುರಿನ ಓಣಿಯಲ್ಲಿ ಅಂಗಡಿ, ಶಾಲೆಯ ಸಮವಸ್ತ್ರದ್ದೇ ಹೆಚ್ಚು ಕೆಲಸ. “ನಾನು ಇಪ್ಪತ್ತು ವರ್ಷದಿಂದ ಮಾಡ್ತಾ ಇರೋದು ಅದೇ ತಾನೇ. ಕಾಲರ್ ಹೇಗೆ, ಜೇಬು ಎಲ್ಲಿ ಅಂತ ಶಾಲೆಯವ್ರು ಒಂದ್ಸಲ ಹೇಳ್ತಾರೆ. ರಟ್ಟಿನಲ್ಲಿ ಮಾದರಿ ಕತ್ತರಿಸಿ ಇಟ್ಕೋತೀನಿ. ಆಮೇಲೆ ಮಗು ಬಂದಾಗ ಅಳತೆ ತಗೊಂಡು ಬಟ್ಟೆ ಕತ್ತರಿಸೋದು. ಇದಕ್ಕೆ ನಿಮಗೆ ಮೂರು ತಿಂಗಳು ಬೇಕಾ?”

ಬೇಕಾಯಿತು. ಮೂರು ತಿಂಗಳಿಗೆ ಆರು ದಿನ ಉಳಿದಿರುವಾಗ ಹೊಸ ಪ್ರೋಗ್ರಾಂ ಮೊದಲ ಸಲ ಸರಿಯಾಗಿ ಓಡಿತು. ಸೆಕೆಂಡಪ್ಪ ಅಳೆಯಲು ಕುಳಿತರು. ಅಳತೆಯಲ್ಲಿ ಅವರದು ಮಡಿವಂತಿಕೆ. ಕಂಪ್ಯೂಟರಿನಲ್ಲಿ ಬೇರೇನೂ ತೆರೆದಿರಬಾರದು. ಮೊದಲ ಹತ್ತು ಓಟ ಲೆಕ್ಕಕ್ಕಿಲ್ಲ, ಏಕೆಂದರೆ ಬಸ್ಸಿನ ಎಂಜಿನ್‌ನಂತೆ ಇದಕ್ಕೂ ಬಿಸಿಯೇರುವ ಹೊತ್ತು ಬೇಕು. ಆಮೇಲಿನ ನೂರು ಓಟದ ಸರಾಸರಿ. ಕೋಣೆಯ ಫ್ಯಾನನ್ನೂ ಆರಿಸಿದ್ದರು; ಅದಕ್ಕೂ ಪ್ರೋಗ್ರಾಮಿಗೂ ಸಂಬಂಧವಿಲ್ಲ, ಮನಸ್ಸಿನ ಸಮಾಧಾನಕ್ಕೆ. ಪರೀಕ್ಷೆಗೆ ಹಿಂದಿನ ತಿಂಗಳ ಒಂದು ಮಂಗಳವಾರದ ರಜೆ ಪಟ್ಟಿ ತೆಗೆದುಕೊಂಡರು.

ನಾಲ್ಕು ಸೆಕೆಂಡು. ಹಳೆಯ ಪ್ರೋಗ್ರಾಂ ಅದೇ ಮಂಗಳವಾರಕ್ಕೆ ಕೊಟ್ಟಿದ್ದ ಪಟ್ಟಿಯೊಂದಿಗೆ ಸಾಲುಸಾಲು ಹೋಲಿಸಿದರು. ಒಂದಕ್ಷರವೂ ಆಚೀಚೆ ಇಲ್ಲ.

ಪಕ್ಕದ ಮೇಜಿನಾಕೆ ಕುರ್ಚಿಯ ಮೇಲೆ ಹತ್ತಿ ಚಪ್ಪಾಳೆ ತಟ್ಟಿದಳು. ಮುಖ್ಯಸ್ಥೆ ಮೂರು ಸಭೆಗಳಲ್ಲಿ “ಇನ್ನೂರು ಪಟ್ಟು” ಎಂದು ಹೇಳಿ ಬಂದರು. ಗುರುವಾರ ಹತ್ತು ಗಂಟೆಗೆ ಮೇಲಿನವರ ಸಮಿತಿಯ ಮುಂದೆ ಎರಡೂ ಕಡೆಯವರು ಓಡಿಸಿ ತೋರಿಸುವುದೆಂದು ನಿಗದಿಯಾಯಿತು. ಎಲ್ಲರ ಮುಖ ಅರಳಿತ್ತು, ಒಬ್ಬರದನ್ನು ಬಿಟ್ಟು. ನಾಲ್ಕು ಸೆಕೆಂಡು ಸೆಕೆಂಡಪ್ಪನವರ ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಜನ್ಮವಿಡೀ ಹಿಂದೆ ಉಳಿದವನು ಒಂದು ದಿನ ಇದ್ದಕ್ಕಿದ್ದಂತೆ ಮೊದಲು ಬಂದರೆ, ಗೆರೆಯನ್ನೇ ಯಾರೋ ಜರುಗಿಸಿದ್ದಾರೆ ಎಂಬ ಅನುಮಾನ ಅವನಿಗೇ ಮೊದಲು ಬರುವುದು.

ಬುಧವಾರ ಮಧ್ಯಾಹ್ನ ಎಂದಿನಂತೆ ಊಟಕ್ಕೆ ಹೆಂಡತಿಯ ಅಂಗಡಿಗೆ ಹೋದರು. ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ ನೀಲಿ ಬಟ್ಟೆಯ ರಾಶಿ, ಇನ್ನೊಂದು ತುದಿಯಲ್ಲಿ ಅವರ ಡಬ್ಬಿ. ಉಣ್ಣುವ ಬದಲು ಅನ್ನದಲ್ಲಿ ಗೆರೆ ಎಳೆಯುತ್ತ ಕೂತರು.

“ಅನ್ನಕ್ಕೆ ಲೈನ್ ಹಾಕ್ಬೇಡಿ, ಹೊಟ್ಟೆಗೆ ಹಾಕಿ,” ಎಂದರು ಹೆಂಡತಿ, ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳ ಸಂದಿಯಿಂದ. “ಗೆದ್ದಾಗಲೂ ಇದೇ ಮುಖ, ಸೋತಾಗಲೂ ಇದೇ ಮುಖ. ನೋಡೋರು ಹೇಗೆ ತಿಳ್ಕೋಬೇಕು?”

“ತುಂಬಾ ಬೇಗ ಆಗ್ತಿದೆ ಕಣೇ.”

“ಬೇಗ ಆಗ್ಲಿ ಅಂತ ತಾನೇ ಮೂರು ತಿಂಗಳು ನನ್ನ ತಲೆ ತಿಂದಿದ್ದು?”

“ಇಷ್ಟು ಬೇಗ ಅಲ್ಲ.”

ಆಕೆ ಸೂಜಿಗಳನ್ನು ತೆಗೆದು ದಿಂಬಿಗೆ ಚುಚ್ಚಿದರು. “ನನಗೂ ಹೀಗೇ ಆಗಿತ್ತು, ಹೊಸದರಲ್ಲಿ. ನೆನಪಿದ್ಯಾ? ನಲವತ್ತು ಅಂಗಿ. ಎಂಥಾ ಬೇಗ ಹೊಲಿದೆ! ಒಂದು ಹುಡುಗಿ ಮೇಲೆ ತೊಡಿಸಿ ನೋಡಿದೆ, ಅಚ್ಚಲ್ಲಿ ತೆಗೆದ ಹಾಗೆ ಕೂತಿತ್ತು. ಮಾರನೇ ದಿನ ಮೂವತ್ತೊಂಬತ್ತು ತಾಯಂದ್ರು ಬಾಗಿಲಲ್ಲಿ. ಮಾದರಿ ಕತ್ತರಿಸೋವಾಗಲೇ ನಾನು ಆ ಹುಡುಗಿ ಅಳತೆನೂ ಅದರಲ್ಲೇ ಹಾಕಿಬಿಟ್ಟಿದ್ದೆ. ಅವಳ ಅಳತೆಗೇ ಹೊಲಿದು ಅವಳಿಗೇ ತೊಡಿಸಿದ್ರೆ ಸರಿಹೋಗದೆ ಇರುತ್ತಾ?”

ಆಗಷ್ಟೇ ಒಂದು ತುತ್ತು ಬಾಯಿಗಿಟ್ಟಿದ್ದ ಸೆಕೆಂಡಪ್ಪನವರ ದವಡೆ ಅಲ್ಲೇ ನಿಂತಿತು.

“ಏನ್ರೀ? ಕಲ್ಲು ಸಿಕ್ತಾ?”

“ಇಲ್ಲ. ಮಂಗಳವಾರ ಸಿಕ್ತು,” ಎಂದವರೇ ಕೈ ಕೂಡ ತೊಳೆಯದೆ ಎದ್ದರು. ಓಣಿ ದಾಟಿ, ಅಂಗಳ ದಾಟಿ, ಮೆಟ್ಟಿಲು ಹತ್ತಿ ಕುರ್ಚಿ ಸೇರಿದ್ದು ಮೂರು ನಿಮಿಷದೊಳಗೆ. ಶಾಲೆಯ ಆಟದ ಮೇಷ್ಟ್ರು ನೋಡಿದ್ದರೆ ವಾಚ್ ವಾಪಸು ಕೇಳುತ್ತಿದ್ದರೋ ಏನೋ.

ಅಂದಿನ ಬುಧವಾರದ ರಜೆ ಪಟ್ಟಿಯನ್ನು ಹೊಸ ಪ್ರೋಗ್ರಾಮಿಗೆ ಕೊಟ್ಟರು. ನಾಲ್ಕು ಸೆಕೆಂಡು. ಪಟ್ಟಿ ಬಂತು. ಮೊದಲ ಪುಟದಲ್ಲೇ, ಹತ್ತು ದಿನದ ಹಿಂದೆ ಕಾಲು ಮುರಿದುಕೊಂಡು ಮಲಗಿರುವ ಡ್ರೈವರ್ ಹನ್ನೆರಡನೇ ನಂಬರ್ ಬಸ್ ಓಡಿಸಲು ಹೊರಟಿದ್ದ.

ನಿನ್ನೆಯದು ಕೊಟ್ಟರು, ಮೊನ್ನೆಯದು ಕೊಟ್ಟರು. ಯಾವ ದಿನ ಕೊಟ್ಟರೂ ಬರುತ್ತಿದ್ದುದು ಆ ಮಂಗಳವಾರದ್ದೇ ಉತ್ತರ. ಮೂಲ ತೆರೆದು ಹುಡುಕಿದಾಗ ಒಂದು ಸಾಲಿನಲ್ಲಿ ಸಿಕ್ಕಿತು. ಎಂದೋ ಪ್ರಯೋಗಕ್ಕೆಂದು ರಜೆ ಪಟ್ಟಿಯ ಮುಂದೆ ಅವರೇ ‘ಈಗಲೇ ಗೊತ್ತು’ ಎಂದು ಗುರುತು ಹಾಕಿ, ಬದಲಿಸಲು ಮರೆತಿದ್ದರು. ಮೊದಲ ಹಂತ ವಿಧೇಯವಾಗಿ ನಿಯಮಗಳ ಜೊತೆ ಮಂಗಳವಾರವನ್ನೂ ನುಂಗಿ, ಲೆಕ್ಕವನ್ನೆಲ್ಲ ಮುಗಿಸಿ, ಉತ್ತರವನ್ನು ಮಾತ್ರ ಉಳಿಸಿತ್ತು. ಆ ನಾಲ್ಕು ಸೆಕೆಂಡು ಬರೀ ಉತ್ತರ ಬರೆಯುವುದಕ್ಕೆ ಹಿಡಿದ ಹೊತ್ತು. ಫ್ಯಾನ್ ಆರಿಸಿ, ಬೆವರು ಸುರಿಸಿ ಅವರು ನೂರು ಸಲ ಓಡಿಸಿದ್ದು ಅದೇ ಒಂದು ಮಂಗಳವಾರವನ್ನು. ಹಳೆಯ ಪಟ್ಟಿಯೊಂದಿಗೆ ಹೋಲಿಸಿದ್ದೂ ಅದನ್ನೇ.

“ಸಾರ್, ಮುಖ ಯಾಕೆ ಹಾಗೆ ಬಿಳಚಿಕೊಂಡಿದೆ?” ಎಂದಳು ಪಕ್ಕದ ಮೇಜಿನಾಕೆ, ಆಗಷ್ಟೇ ಮನೆಯಿಂದ ಬಂದು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ. ಅವರು ಪರದೆಯ ಕಡೆ ಬೆರಳು ತೋರಿಸಿದರು. ಆಕೆ ಓದಿದಳು, ಒಂದು ಕ್ಷಣ ನಕ್ಕೇಬಿಟ್ಟಳು, ಆಮೇಲೆ ನಗು ಅಲ್ಲೇ ಒಣಗಿತು.

ಗುರುತು ಬದಲಿಸಿದರು. ಮೊದಲ ಹಂತ ಹೊಸದಾಗಿ ಪ್ರೋಗ್ರಾಂ ಬರೆಯಲು ಆರು ನಿಮಿಷ ತೆಗೆದುಕೊಂಡಿತು. ಬಿಸಿಯೇರುವ ಓಟಗಳು ಮುಗಿದವು, ನಿಜವಾದ ಓಟಗಳು ಶುರುವಾದವು, ಬೇರೆಬೇರೆ ದಿನದ ಪಟ್ಟಿಗಳೊಂದಿಗೆ. ಉತ್ತರ ಪ್ರತಿ ಸಲವೂ ಸರಿ. ಹೊತ್ತು: ಒಂದು ನಿಮಿಷ ಐವತ್ತು ಸೆಕೆಂಡು.

ಹದಿನಾಲ್ಕು ನಿಮಿಷ ಎರಡರೊಳಗೆ ಇಳಿದಿತ್ತು. ಬೇರೆ ಯಾವ ದಿನವಾದರೂ ಅದಕ್ಕೆ ಹಾರ ಹಾಕಬಹುದಿತ್ತು. ಆದರೆ ಆಚೆಯವರು ಹೇಳಿದ್ದು ಒಂದು ನಿಮಿಷ, ಈಚೆ ಹೇಳಿಯಾಗಿದ್ದು ನಾಲ್ಕು ಸೆಕೆಂಡು.

“ಸಾರ್,” ಎಂದಳು ಆಕೆ, ಕೀಲಿಮಣೆಯನ್ನೇ ನೋಡುತ್ತ. “ನಾಳೆ ಆ ನಾಲ್ಕು ಸೆಕೆಂಡಿನದನ್ನೇ ಓಡಿಸಿದ್ರೆ? ಮಂಗಳವಾರದ ಪಟ್ಟಿನೇ ಹಾಕಿ. ಉತ್ತರ ಸರಿಯಾಗೇ ಬರುತ್ತಲ್ಲ. ಆಮೇಲೆ ನಿಧಾನಕ್ಕೆ ಇದನ್ನ ಹಾಕೋಣ. ಯಾರಿಗೆ ಗೊತ್ತಾಗುತ್ತೆ?”

ಸೆಕೆಂಡಪ್ಪನವರಿಗೆ ಬೈಯಲು ಬಾಯಿ ಬರಲಿಲ್ಲ; ಆಕೆ ತನಗೋಸ್ಕರ ಕೇಳುತ್ತಿಲ್ಲ ಎಂಬುದು ಅವರಿಗೆ ಮೂವತ್ತೆಂಟು ನಿಮಿಷದಷ್ಟು ಚೆನ್ನಾಗಿ ಗೊತ್ತಿತ್ತು.

ಆಕೆಯೇ ತಲೆ ಕೊಡವಿದಳು. “ಬಿಡಿ ಸಾರ್. ಏನೋ ಬಾಯಿಗೆ ಬಂತು.”

ಸಂಜೆ ಐದೂವರೆಗೆ ಮುಖ್ಯಸ್ಥೆಯ ಕೋಣೆಯ ಮುಂದೆ ನಿಂತರು. ಬಾಗಿಲು ತಟ್ಟುವ ಮೊದಲು ನಿಂತದ್ದು ನಾಲ್ಕು ನಿಮಿಷ. ಒಳಗೆ ಹೋಗಿ ಎಲ್ಲವನ್ನೂ ಹೇಳಿದರು, ನುಂಗಿದ ಮಂಗಳವಾರದಿಂದ ಹಿಡಿದು ಕಾಲು ಮುರಿದ ಡ್ರೈವರ್‌ವರೆಗೆ. ಆಕೆ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಕೇಳಿದರು.

“ಇದು ಇನ್ನ್ಯಾರಿಗೆ ಗೊತ್ತು?”

“ನನ್ನ ಹೆಂಡತಿಗೆ ಹೇಳ್ದೆ... ಅಲ್ಲ ಮೇಡಂ, ಆಕೆಯೇ ನನಗೆ ಹೇಳಿದ್ದು.”

“ಅವರು ಏನು ಮಾಡ್ತಾರೆ?”

“ಹೊಲಿಗೆ.”

ಮುಖ್ಯಸ್ಥೆ ಕಣ್ಣು ಮುಚ್ಚಿದರು. “ಮೂರು ಸಭೆ ಸಾರ್. ಮೂರರಲ್ಲೂ ಬೋರ್ಡ್ ಮೇಲೆ ಬರೆದು ಅಡಿಗೆರೆ ಎಳೆದಿದ್ದೀನಿ. ನಿಮ್ಮ ಅಳತೆ ಅಂದ್ರೆ ಪ್ರಶ್ನೆನೇ ಇಲ್ಲ ಅಂದಿದ್ದೀನಿ.” ಆಮೇಲೆ ಮುಚ್ಚಳವನ್ನು ಟಕ್ಕೆಂದು ಹಾಕಿ, “ನಾಳೆ ನೀವೇ ಹೇಳಿ. ನನ್ನ ಬಾಯಲ್ಲಿ ಹೊರಡಲ್ಲ,” ಎಂದರು.

ಗುರುವಾರ ಹತ್ತು ಗಂಟೆ. ಉದ್ದನೆಯ ಮೇಜು, ನೀರಿನ ಲೋಟಗಳು. ಸಮಿತಿಯ ಅಧ್ಯಕ್ಷರು, ಅವರ ಪಕ್ಕ ಇಬ್ಬರು ಅಧಿಕಾರಿಗಳು, ತುದಿಯಲ್ಲಿ ಡ್ರೈವರ್‌ಗಳ ಲೀಡರ್, ಖಾಕಿ ಅಂಗಿಯ ತೋಳು ಮಡಿಸಿಕೊಂಡು. ಎದುರಿಗೆ ಕಂಪನಿಯ ಪ್ರತಿನಿಧಿ, ಹೊಳೆಯುವ ಲ್ಯಾಪ್‌ಟಾಪ್, ಅದಕ್ಕಿಂತ ಹೊಳೆಯುವ ಬೂಟು. ಸೆಕೆಂಡಪ್ಪ ಎದ್ದು ನಿಂತರು.

“ನಾಲ್ಕು ಸೆಕೆಂಡು ಅಂತ ಹೇಳಿದ್ವಿ. ಅದು ತಪ್ಪು. ತಪ್ಪು ನನ್ನದು,” ಎಂದರು. “ನಿಜ ಏನು ಅಂದ್ರೆ, ಒಂದು ನಿಮಿಷ ಐವತ್ತು ಸೆಕೆಂಡು.”

ಪ್ರತಿನಿಧಿ ತುಟಿಯಂಚಿನಲ್ಲಿ ನಕ್ಕ. ಅಧ್ಯಕ್ಷರು ಕನ್ನಡಕ ತೆಗೆದರು. ಅಷ್ಟರಲ್ಲಿ ತುದಿಯಿಂದ ಲೀಡರ್ ದನಿ ಬಂತು.

“ಸ್ವಾಮಿ, ನಾನು ಇಪ್ಪತ್ತೈದು ವರ್ಷದಿಂದ ಕಂಪ್ಯೂಟರ್‌ನವರನ್ನ ನೋಡ್ತಾ ಇದ್ದೀನಿ. ನಮ್ಮದು ಹೇಳಿದ್ದಕ್ಕಿಂತ ನಿಧಾನ ಅಂತ ತಾನಾಗೇ ಬಂದು ಹೇಳಿದವ್ರು ಇವತ್ತೇ ಮೊದಲು.” ಆಮೇಲೆ ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಚಿದ ಕಾಗದ ತೆಗೆದ. “ಇದು ಇವತ್ತು ಬೆಳಿಗ್ಗೆ ರಜೆ ಹಾಕಿದವ್ರ ಪಟ್ಟಿ. ಯಾರಿಗೆ ಯಾವ ಬಸ್ ಬರ್ಬೇಕು ಅಂತ ನನಗೆ ಬಾಯಿಪಾಠ. ಇಬ್ಬರೂ ಇದನ್ನ ಹಾಕಿ ನೋಡೋಣ.”

ಪಟ್ಟಿ ಹಾಕಿದರು. ಒಂದು ನಿಮಿಷ ಐವತ್ತು ಸೆಕೆಂಡು ಎಷ್ಟು ಉದ್ದ ಎಂಬುದು ಸೆಕೆಂಡಪ್ಪನವರಿಗೆ ಅದುವರೆಗೆ ಗೊತ್ತೇ ಇರಲಿಲ್ಲ. ಗೋಡೆ ಗಡಿಯಾರದ ಮುಳ್ಳು ಕೆಸರಿನಲ್ಲಿ ಕಾಲು ಕಿತ್ತು ನಡೆಯುವವರಂತೆ ನಡೆಯಿತು. ಪಕ್ಕದ ಮೇಜಿನಾಕೆ ಬಾಗಿಲ ಬಳಿ ನಿಂತು ಉಗುರು ಕಚ್ಚುತ್ತಿದ್ದಳು. ನಡುವೆ ಯಾರೋ ನೀರು ಕುಡಿದರು. ಆ ಗುಟುಕಿನ ಸದ್ದೂ ಲೆಕ್ಕಕ್ಕೆ ಸೇರಿದಂತಿತ್ತು. ಪಟ್ಟಿ ಬಂತು. ಲೀಡರ್ ಬೆರಳಿಟ್ಟು ಓದಿದ, ಎರಡು ಕಡೆ ನಿಂತ, ಮತ್ತೆ ಓದಿದ. “ಸರಿಯಾಗಿದೆ. ಬೆನ್ನುನೋವಿನವನಿಗೆ ಹಳೇ ಬಸ್ ಕೊಟ್ಟಿಲ್ಲ.”

ಸರದಿ ಪ್ರತಿನಿಧಿಯದಾಯಿತು. ಆತ ಟೈ ಸಡಿಲಿಸಿದ. ತಾವು ತಂದಿರುವುದು ತಮ್ಮದೇ ತಯಾರಿಯ ಪಟ್ಟಿಯೆಂದೂ, ಹೊರಗಿನ ಪಟ್ಟಿಯನ್ನು ಹೊಂದಿಸಲು ಒಂದಷ್ಟು ದಿನ ಬೇಕೆಂದೂ ಹೇಳಿದ.

“ಒಂದು ನಿಮಿಷ ಅಂದದ್ದು ನಿಮ್ಮ ಪಟ್ಟಿಗಾ?” ಎಂದರು ಅಧ್ಯಕ್ಷರು.

“ಸದ್ಯಕ್ಕೆ ಹೌದು.”

ಅಧ್ಯಕ್ಷರು ಕನ್ನಡಕ ಮತ್ತೆ ಹಾಕಿಕೊಂಡು, ಎರಡು ವಾರದೊಳಗೆ ಮೂವತ್ತು ಬೇರೆಬೇರೆ ದಿನಗಳ ಪಟ್ಟಿಯ ಮೇಲೆ ಎರಡನ್ನೂ ಅಳೆಯಬೇಕು ಎಂದರು. ಅಳೆಯುವವರು ಯಾರು ಎಂದು ಪ್ರತಿನಿಧಿ ಕೇಳಿದ್ದಕ್ಕೆ ಸೆಕೆಂಡಪ್ಪನವರ ಕಡೆ ಗದ್ದ ತೋರಿಸಿದರು. “ಇವರೇ. ತಮ್ಮದನ್ನೇ ಕಡಿಮೆ ಮಾಡಿ ಹೇಳಿದವ್ರು ನಿಮ್ಮದಕ್ಕೆ ಮೋಸ ಮಾಡಲ್ಲ ಬಿಡಿ.”

ಆ ಎರಡು ವಾರ ಸೆಕೆಂಡಪ್ಪ ಮೊದಲಿಗಿಂತ ಹೆಚ್ಚು ಸೊರಗಿದರು. ಎದುರು ಪಕ್ಷದ ಪ್ರೋಗ್ರಾಮಿಗೆ ತಮ್ಮ ಕೈಯಿಂದ ಅನ್ಯಾಯ ಆಗಿಬಿಟ್ಟರೆ ಎಂಬ ಭಯ. ಅದಕ್ಕೆ ಬಿಸಿಯೇರಲು ಹತ್ತು ಓಟದ ಬದಲು ಇಪ್ಪತ್ತು ಓಟ ಕೊಟ್ಟರು. ಅಂಕಿ ತಮಗೆ ಅನುಕೂಲವಾಗಿ ಬಂದ ದಿನವನ್ನೆಲ್ಲ ಮೂರು ಮೂರು ಸಲ ಮತ್ತೆ ಅಳೆದರು.

“ಅದು ಅವರ ಮಗು ಸಾರ್, ನೀವ್ಯಾಕೆ ಇಷ್ಟು ಮುದ್ದು ಮಾಡ್ತೀರ?” ಎಂದು ಪಕ್ಕದ ಮೇಜಿನಾಕೆ ಸಿಡಿಮಿಡಿಗೊಂಡಳು.

ಮೂವತ್ತು ದಿನದ ಸರಾಸರಿ ಹೀಗೆ ಬಂತು. ಕಂಪನಿಯದು ಎರಡು ನಿಮಿಷ ಮೂವತ್ತೈದು ಸೆಕೆಂಡು. ಡಿಪೋದವರದು ಒಂದು ನಿಮಿಷ ನಲವತ್ತೊಂಬತ್ತು. ಬೀಗ ತಂದಿದ್ದವರು ಬೀಗ ವಾಪಸು ತೆಗೆದುಕೊಂಡು ಹೋದರು. ಮಧ್ಯಾಹ್ನ ಪಕ್ಕದ ಮೇಜಿನಾಕೆ ಮನೆಗೆ ಓಡಿದಳು. ಅಂದು ವಾಪಸು ಬರಲು ಐವತ್ತೆರಡು ನಿಮಿಷ ಹಿಡಿಯಿತು. ಸೆಕೆಂಡಪ್ಪ ವಾಚನ್ನು ಡ್ರಾಯರ್‌ನೊಳಗಿಟ್ಟರು.

ಮರುದಿನ ಬೆಳಿಗ್ಗೆ ಐದಕ್ಕೆ ಅವರು ಡ್ರೈವರ್‌ಗಳ ನಡುವೆ ಅಂಗಳದಲ್ಲಿ ನಿಂತಿದ್ದರು. ಒಬ್ಬ ಹಿರಿಯ ಡ್ರೈವರ್ ಕೈಯಲ್ಲಿ ಹಬೆಯಾಡುವ ಚಹಾ ಲೋಟ. ಇನ್ನೂ ಎರಡನೇ ಗುಟುಕು ಊದುತ್ತಿದ್ದಾಗಲೇ ಪರದೆಯ ಮೇಲೆ ಪಟ್ಟಿ ಮೂಡಿತು, ಅಂಗಳವೆಲ್ಲ ಕದಲಿತು.

“ಏನ್ ಸಾರ್ ನೀವು,” ಎಂದ ಆತ, ಲೋಟವನ್ನೂ ಪರದೆಯನ್ನೂ ನೋಡುತ್ತ. “ಮೊದಲು ಆರಾಮಾಗಿ ಒಂದು ಚಹಾ ಕುಡಿದು, ನಿಮ್ಮನ್ನ ನಾಲ್ಕು ಮಾತು ಬೈದು ಹೋಗ್ತಿದ್ವಿ. ಎರಡಕ್ಕೂ ಕಲ್ಲು ಹಾಕಿದ್ರಿ.” ಉಳಿದದ್ದನ್ನು ಗೋಡೆಯ ಬದಿಗೆ ಚೆಲ್ಲಿ ಬಸ್ ಕಡೆ ಓಡಿದ.

ಸೆಕೆಂಡಪ್ಪನವರಿಗೆ ನಗು ಬಂತು, ಅರ್ಧದಲ್ಲೇ ನಿಂತಿತು. ವಾಚ್ ತೋರಿಸುತ್ತಿದ್ದುದು ಒಂದು ನಿಮಿಷ ಐವತ್ತೊಂದು. ಸರಾಸರಿ ನಲವತ್ತೊಂಬತ್ತಲ್ಲವೇ? ಆ ಎರಡು ಸೆಕೆಂಡು ಎಲ್ಲಿ ಹೋಯಿತು? ಮೊದಲ ಬಸ್ಸು ಗೇಟು ದಾಟುವ ಮೊದಲೇ ಅವರು ಮೆಟ್ಟಿಲು ಹತ್ತುತ್ತಿದ್ದರು, ಒಂದು ಬಿಟ್ಟು ಒಂದು.